ಕೆಂಪು ಅಕ್ಷರದ ಗುರುವಾರ

ವಕೀಲರೆಂದರೆ ಕರಿ ಕೋಟು, ಕಾರು, ಕೈತುಂಬ ಸಂಪಾದನೆ ಎಂದು ತಿಳಿದವರನ್ನು ಒಂದು ವಾರದ ಮಟ್ಟಿಗೆ ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ಜೂನಿಯರ್ ಮಾಡಿ ಓಡಾಡಿಸಬೇಕು. ಮೂರನೆಯ ದಿನಕ್ಕೆ ಅವರು ಕೋಟು ಬಿಚ್ಚಿ ಯಾವುದಾದರೂ ಕಿಟಕಿಗೆ ನೇತುಹಾಕಿ ಊರು ಬಿಡದಿದ್ದರೆ ನನ್ನ ಮಾತು ಸುಳ್ಳು. ಸ್ನೇಹಲ್ ಅಂಗಡಿ ಎಂಬ ಹುಡುಗಿ ಅಲ್ಲಿ ಎರಡು ವರ್ಷ ಓಡಾಡಿದಳು. ಒಂದು ದಿನವೂ ‘ನನ್ನಿಂದಾಗದು’ ಎನ್ನಲಿಲ್ಲ. ಅದೇ ಅವಳ ದೊಡ್ಡ ತಪ್ಪು ಎಂದು ನಾನು ಹೇಳುತ್ತೇನೆ. ಆದರೆ ಆಗ ಅವಳಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ.

ಅವಳ ಅಪ್ಪ ಈರಬಸಪ್ಪ ಬ್ಯಾಡಗಿ ಕಡೆಯವನು. ಎಪ್ಪತ್ತರ ದಶಕದಲ್ಲಿ ಮೆಣಸಿನಕಾಯಿ ಲಾರಿಯ ಜೊತೆಗೇ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ಕುಳಿತವನು ಅಲ್ಲಿಂದ ಏಳಲೇ ಇಲ್ಲ. ಬಿಬವೇವಾಡಿಯಲ್ಲಿ ಎರಡು ಕೋಣೆಯ ಮನೆ, ಹೆಂಡತಿ ಶಿವಬಸವ್ವ, ಒಬ್ಬಳೇ ಮಗಳು. “ಪುಣೇದಾಗ ಹುಟ್ಟಿದ ಕೂಸು, ಪುಣೇದ ಹೆಸರ ಇರ್ಲಿ” ಎಂದು ಮರಾಠಿ ಹೆಸರಿಟ್ಟ. ತೊಂಬತ್ತೊಂಬತ್ತರಲ್ಲಿ ಮಗಳು ಕರಿ ಕೋಟು ಹಾಕಿದ ದಿನ ಇಡೀ ಯಾರ್ಡಿಗೆ ಪೇಡೆ ಹಂಚಿದ. ಮರುದಿನದಿಂದಲೇ ಶುರುವಾಯಿತು ನೋಡಿ! ಬೆಳಗಿನ ಆರು ಗಂಟೆಗೆ ಬಾಗಿಲ ಮುಂದೆ ಹಮಾಲರು, ಉಳ್ಳಾಗಡ್ಡಿ ಮಾರುವವರು, ಗಂಡನ ಮೇಲೆ ಸಿಟ್ಟಾದವರು, ಊರಿನ ಹೊಲಕ್ಕಾಗಿ ತಮ್ಮನ ಮೇಲೆ ಕೇಸು ಹಾಕಬೇಕೆನ್ನುವವರು. ಈರಬಸಪ್ಪ ಯಾರನ್ನೂ ಬೇಡವೆನ್ನುತ್ತಿರಲಿಲ್ಲ. “ನಮ್ಮ ಕಡೀ ಮಂದಿ ಅದಾರ, ಸ್ನೇಹಾ. ಎರಡು ಮಾತು ಹೇಳಿ ಕಳಸು” ಎಂದು ತಾನೇ ಚಾಪೆ ಹಾಸುತ್ತಿದ್ದ. ಅವನಿಗೆ ಹೆಮ್ಮೆ, ಅವಳಿಗೆ ಪ್ರಾಣಸಂಕಟ. ಎರಡು ಮಾತು ಇಪ್ಪತ್ತಾಗಿ, ತಟ್ಟೆಯಲ್ಲಿದ್ದ ಅವಲಕ್ಕಿ ತಣ್ಣಗಾಗಿ, ಅವಳು ಬರಿಹೊಟ್ಟೆಯಲ್ಲಿ ಬಸ್ಸಿಗೆ ಓಡುತ್ತಿದ್ದಳು.

ಅವಳು ಕೆಲಸಕ್ಕೆ ಸೇರಿದ್ದು ನೀತಾ ಮ್ಯಾಡಮ್ ಅವರ ಆಫೀಸಿಗೆ. ಸಿವಿಲ್ ಕೇಸುಗಳಲ್ಲಿ ಅವರದು ದೊಡ್ಡ ಹೆಸರು. ಐವತ್ತರ ಸಮೀಪದ ಮರಾಠಿ ಹೆಂಗಸು. ಯಾರನ್ನೂ ಬೈದವರಲ್ಲ, ಒಂದು ದಿನವೂ ದನಿ ಏರಿಸಿದವರಲ್ಲ. ಜೂನಿಯರ್ ತಪ್ಪು ಮಾಡಿದರೆ ಫೈಲನ್ನು ಮೆಲ್ಲಗೆ ಮುಚ್ಚಿ, ಕಿಟಕಿಯ ಆಚೆ ನೋಡುತ್ತ ಸುಮ್ಮನೆ ಕೂರುತ್ತಿದ್ದರು. ಆ ಸುಮ್ಮನಿರುವಿಕೆಗಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಲೇಸಿತ್ತು! ಮೊದಲು ಅಲ್ಲಿ ಮೂವರು ಜೂನಿಯರ್‌ಗಳಿದ್ದರು. ಸ್ವಪ್ನಿಲ್ ಎಂಬವನು ಬ್ಯಾಂಕಿನ ನೌಕರಿ ಹಿಡಿದು ಹೋದ. ಇನ್ನೊಬ್ಬಳು ಮದುವೆಗೆಂದು ರಜೆ ಹಾಕಿದವಳು ತಿರುಗಿ ಬರಲಿಲ್ಲ. ಮೂವರ ಕೆಲಸ ಸ್ನೇಹಲ್‌ಳ ಕೊರಳಿಗೆ ಬಿತ್ತು. ಜೊತೆಗೆ ಅವಳಿಗೆ ಕನ್ನಡ ಬರುತ್ತದೆಂದು ಹಡಪಸರ, ಯಾರ್ಡು, ಎಲ್ಲ ಕಡೆಯ ಕನ್ನಡದ ಕಕ್ಷಿದಾರರನ್ನು ಅವಳ ಮೇಜಿಗೇ ಕಳಿಸುತ್ತಿದ್ದರು. ಕೇಸು ಮ್ಯಾಡಮ್‌ಗೆ, ಅಳು ಸ್ನೇಹಲ್‌ಗೆ.

ಪಾಪ, ಅವಳೂ ಎಷ್ಟೆಂದು ಹೊತ್ತಾಳು? ಎರಡನೆಯ ವರ್ಷಕ್ಕೆ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಭಾನುವಾರ ಮಧ್ಯಾಹ್ನ ಊಟವಾದ ಕೂಡಲೇ ಹೊಟ್ಟೆಯಲ್ಲಿ ಸೋಮವಾರದ ಸಂಕಟ ಶುರುವಾಗುತ್ತಿತ್ತು. ನಿದ್ದೆಯಲ್ಲಿ ಕೋರ್ಟಿನ ಜವಾನ ಯಾರದೋ ಹೆಸರು ಹಿಡಿದು ಕೂಗುತ್ತಿದ್ದ, ಇವಳಿಗೆ ಯಾವ ಬಾಗಿಲಿನಿಂದ ಕೂಗುತ್ತಿದ್ದಾನೆಂದು ತಿಳಿಯುತ್ತಿರಲಿಲ್ಲ. ಸ್ವಾರಗೇಟಿನಲ್ಲಿ ತನ್ನ ಬಸ್ಸು ಬಂದರೂ ಕಾಲು ಏಳದೆ, ಒಂದಾದ ಮೇಲೊಂದರಂತೆ ಮೂರು ಬಸ್ಸುಗಳನ್ನು ಬಿಟ್ಟು ನಿಂತ ದಿನಗಳಿದ್ದವು. ಇದಕ್ಕೆ ಈಗ ಏನೇನೋ ಹೆಸರುಗಳಿವೆ, ವೈದ್ಯರಿದ್ದಾರೆ. ಆಗ ಅವಳು ಅದನ್ನು ಸೋಮಾರಿತನ ಎಂದುಕೊಂಡಳು. ಸೋಮಾರಿತನಕ್ಕೆ ಮದ್ದೆಂದು ಇನ್ನಷ್ಟು ಕೆಲಸ ಮಾಡಿದಳು.

ಅವಳ ಕೈಯಲ್ಲಿದ್ದ ಕೇಸುಗಳಲ್ಲಿ ಸಾಬವ್ವನದೊಂದು. ಯಾರ್ಡಿನಲ್ಲಿ ಮೆಣಸಿನಕಾಯಿ ಆರಿಸುವ ಕೆಲಸದವಳು, ಗಂಡ ಸತ್ತವಳು, ಹಡಪಸರದಲ್ಲಿ ಸಾಲುಮನೆಗಳ ಹಳೆಯ ಚಾಳಿನ ಒಂದೇ ಖೋಲಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆಗೆ ಇದ್ದವಳು. ಹಡಪಸರದಲ್ಲಿ ಜಾಗಕ್ಕೆ ಬೆಲೆ ಬಂದ ಮೇಲೆ ಮಾಲಕನಿಗೆ ಚಾಳು ಕೆಡವಿ ದೊಡ್ಡ ಕಟ್ಟಡ ಎಬ್ಬಿಸುವ ಹುರುಪು. ಉಳಿದವರೆಲ್ಲ ಗಂಟುಮೂಟೆ ಕಟ್ಟಿದರು, ಇವಳು ಕದಲಲಿಲ್ಲ. ಕದ ಕಿತ್ತು ಹಾಕುತ್ತೇನೆಂದು ಅವನು ಬಂದಾಗ ನೀತಾ ಮ್ಯಾಡಮ್ ದಾವೆ ಹೂಡಿ ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಆ ಒಂದು ಹಾಳೆಯ ಬಲದ ಮೇಲೆ ಸಾಬವ್ವ ದಿನಾ ಸಂಜೆ ಹೋಗಿ ತನ್ನ ಮನೆಯ ಬೀಗ ತೆಗೆಯುತ್ತಿದ್ದಳು.

ಈಗ ಆ ತಪ್ಪಿನ ಸಂಗತಿ ಹೇಳಬೇಕು. ಪುಣೆಯ ಕನ್ನಡದ ಮನೆಯವರು ಬಿಟ್ಟು ಬೇರೆ ಯಾರೂ ಮಾಡಲಾಗದ ತಪ್ಪು ಅದು.

ಈರಬಸಪ್ಪ ಕೆಲಸಕ್ಕಿದ್ದ ಅಂಗಡಿಗೆ ಪ್ರತಿ ಹೊಸವರ್ಷ ಹುಬ್ಬಳ್ಳಿಯ ದಲಾಲರೊಬ್ಬರು ಡೈರಿ ಕಳಿಸುತ್ತಿದ್ದರು. ಗಟ್ಟಿ ರಟ್ಟು, ದಿನಕ್ಕೊಂದು ಪುಟ, ಮೇಲೆ ಕನ್ನಡದಲ್ಲಿ ತಿಥಿ ವಾರ. ಅದನ್ನು ಅವನು ಮಗಳಿಗೆ ಕೊಡುತ್ತಿದ್ದ, ಅವಳು ಕೋರ್ಟಿನ ತಾರೀಖುಗಳನ್ನು ಅದರಲ್ಲೇ ಬರೆದುಕೊಳ್ಳುತ್ತಿದ್ದಳು. 2001ರ ಏಪ್ರಿಲ್ ಮೊದಲ ವಾರ ಒಂದೇ ದಿನ ಐದು ಕೋರ್ಟುಗಳಲ್ಲಿ ಐದು ಕೇಸು. ಓಡುತ್ತ ಓಡುತ್ತ ಸಾಬವ್ವನ ಕೇಸಿಗೆ ಕೊಟ್ಟ ಮುಂದಿನ ತಾರೀಖನ್ನು ಫೈಲಿನ ಮೇಲೆ ‘26’ ಎಂದು ಗೀಚಿಕೊಂಡಿದ್ದಳು. ಸಂಜೆ ಬಸ್ಸಿನಲ್ಲಿ ಕುಳಿತು ಡೈರಿ ತೆಗೆದರೆ ಇಪ್ಪತ್ತಾರನೆಯ ಪುಟ ಪೂರಾ ಕೆಂಪು: ‘ಬಸವ ಜಯಂತಿ, ಸರ್ಕಾರಿ ರಜೆ.’

ರಜೆ ಹೌದು, ಕರ್ನಾಟಕದಲ್ಲಿ! ಮಹಾರಾಷ್ಟ್ರದ ಕೋರ್ಟಿಗೆ ಆ ದಿನ ಎಂದಿನ ಗುರುವಾರ. ಇದು ಸ್ನೇಹಲ್‌ಗೆ ತಿಳಿಯದ್ದೇನಲ್ಲ. ಆದರೆ ಹುಟ್ಟಿದಾಗಿನಿಂದ ಆ ದಿನ ಅವ್ವ ಅವಳನ್ನು ಶಾಲೆಗೆ ಕಳಿಸಿದವಳಲ್ಲ. ಹೋಳಿಗೆ, ಪೂಜೆ, ಯಾರ್ಡಿನ ಕನ್ನಡದವರೆಲ್ಲ ಸೇರಿ ಬಸವಣ್ಣನವರ ಫೋಟೋದ ಮೆರವಣಿಗೆ. ಅವಳ ಮೈಗೆ ಅದು ರಜೆಯ ದಿನ. ದಣಿದ ತಲೆಗೆ ಮೈ ಹೇಳಿದ್ದೇ ವೇದವಾಯಿತು. ‘ರಜೆಯ ದಿನ ತಾರೀಖು ಕೊಡುವ ಹುಚ್ಚು ಯಾವ ಕೋರ್ಟಿಗಿದೆ, ನಾನೇ ತಪ್ಪು ಬರೆದಿದ್ದೇನೆ’ ಎಂದು ಫೈಲಿನ ಮೇಲಿನ ಸರಿಯಾದ ಅಂಕಿಯನ್ನು ಹೊಡೆದು, 27 ಎಂದು ತಿದ್ದಿ, ಡೈರಿಯಲ್ಲೂ ಬರೆದಳು. ಆಫೀಸಿನ ದೊಡ್ಡ ಡೈರಿಗೂ ಅದೇ ಏರಿತು. ಇಪ್ಪತ್ತಾರರ ಬೆಳಿಗ್ಗೆ, ಡೈರಿಯಲ್ಲಿ ಆ ದಿನ ಸ್ನೇಹಲ್‌ಗೆ ಯಾವ ಕೇಸೂ ಇಲ್ಲವೆಂದು ಕಂಡು, ಮ್ಯಾಡಮ್ ಫೋನ್ ಮಾಡಿ, ಚಾಕಣದ ಕಾರ್ಖಾನೆಯ ಒಬ್ಬ ಕಕ್ಷಿದಾರನ ಸಹಿ ತರಲು ಕಳಿಸಿದರು. ‘ಹಬ್ಬದ ದಿನವೂ ಬಿಡುವುದಿಲ್ಲವಲ್ಲ ಈಕೆ’ ಎಂದು ಗೊಣಗಿಕೊಂಡೇ ಹೋದಳು.

ಮರುದಿನ ಶುಕ್ರವಾರ ಕೋರ್ಟಿನ ಗೋಡೆಯ ಪಟ್ಟಿಯಲ್ಲಿ ಸಾಬವ್ವನ ಕೇಸು ಕಾಣಲಿಲ್ಲ. ಗುಮಾಸ್ತನನ್ನು ಕೇಳಿದರೆ ಅವನು ತಲೆ ಎತ್ತದೆ ಮರಾಠಿಯಲ್ಲಿ ಹೇಳಿದ: “ಅದು ನಿನ್ನೇನೇ ವಜಾ ಆಯ್ತಲ್ಲ ಮ್ಯಾಡಮ್. ಮೂರು ಸಲ ಕೂಗಿಸಿದ್ವಿ. ನಿಮ್ಮ ಕಡೆಯವರು ಯಾರೂ ಇರಲಿಲ್ಲ. ಎದುರಿನ ವಕೀಲರು ಮಾತ್ರ ಇದ್ದರು.”

ದಾವೆಯೇ ಹೋದ ಮೇಲೆ ತಡೆಯಾಜ್ಞೆ ಎಲ್ಲಿಯದು? ಅದೂ ಹೋಯಿತು. ಇನ್ನು ಮಾಲಕ ಬಂದು ಕದ ಕೀಳಲು ಅಡ್ಡಿಯಿಲ್ಲ. ವಜಾ ಆದ ದಾವೆಯನ್ನು ತಿರುಗಿ ಎತ್ತಿಸಲು ಕಾನೂನು ಮೂವತ್ತು ದಿನ ಕೊಡುತ್ತದೆ, ನಿಜ. ಆದರೆ ಇನ್ನೊಂದು ವಾರಕ್ಕೆ ಕೋರ್ಟಿನ ಬೇಸಿಗೆ ರಜೆ, ಅದು ಮುಗಿಯುವ ಹೊತ್ತಿಗೆ ಆ ಖೋಲಿ ಇದ್ದ ಜಾಗದಲ್ಲಿ ಇಟ್ಟಿಗೆಯ ರಾಶಿ ಇರುತ್ತದೆ. ಸ್ನೇಹಲ್ ಕಾರಿಡಾರಿನ ಬೆಂಚಿನ ಮೇಲೆ ಕುಳಿತಳು. ಎದ್ದು ಆಫೀಸಿಗೆ ಹೋಗಿ ಮ್ಯಾಡಮ್‌ಗೆ ಹೇಳಬೇಕು, ಇದೇ ಗಳಿಗೆಗೆ ಹೇಳಬೇಕು. ಹೋದಳು. ಬಾಗಿಲಲ್ಲಿ ನಿಂತಳು. ಆ ಕಿಟಕಿ, ಆ ಮೌನ ನೆನಪಾಗಿ ಹಾಗೇ ಮರಳಿದಳು. ಶನಿವಾರವೂ ಹಾಗೇ ಆಯಿತು.

ಭಾನುವಾರ ಬೆಳಿಗ್ಗೆ ಸಾಬವ್ವನೇ ಮನೆಗೆ ಬಂದಳು. ಸೆರಗಿನಲ್ಲಿ ನಾಲ್ಕು ಸಿವುಡು ಮೆಂತ್ಯೆ ಪಲ್ಲೆ.

“ಏನವಾ ತಂಗಿ, ತಾರೀಖ ಆತಲ್ಲ, ಏನಂದ್ರು ಕೋರ್ಟಿನಾಗ?” ಎಂದು ಹೊಸ್ತಿಲಲ್ಲೇ ಕುಳಿತಳು. “ನನಗ್ಯಾಕೋ ಹೆದರಿಕಿ ಆಗ್ಯದ. ನಿನ್ನೆ ಮಾಲಕ ಬಂದಿದ್ದ. ನಕ್ಕೋತ ಮಾತಾಡಿಸ್ದ. ಆರಾಮ ಅದೀಯೇನು ಸಾಬವ್ವ ಅಂದ. ಇಪ್ಪತ್ತೆರಡು ವರ್ಷದಾಗ ಒಮ್ಮೆ ನಕ್ಕಾವಲ್ಲ ಆ ಮೂಳ. ಯಾಕ ನಕ್ಕಾನು?”

ಸ್ನೇಹಲ್‌ಗೆ ಅವನು ಯಾಕೆ ನಕ್ಕನೆಂದು ಚೆನ್ನಾಗಿ ಗೊತ್ತಿತ್ತು. ನಾಲಿಗೆ ಮಾತ್ರ ಎರಡು ವರ್ಷ ರೂಢಿಯಾದ ಮಾತನ್ನೇ ಆಡಿತು: “ಏನಿಲ್ಲ ಕಾಕೂ. ಮುಂದಿನ ತಾರೀಖ ಬಿದ್ದದ.”

“ಅಷ್ಟ ಅಲಾ? ಶಿವನೇ, ಜೀವ ಬಂತ ನೋಡು” ಎಂದು ಸಾಬವ್ವ ಪಲ್ಲೆಯನ್ನು ಶಿವಬಸವ್ವನ ಕೈಗಿಟ್ಟು, ಚಹಾ ಕುಡಿದು, ಹಗುರಾಗಿ ಹೋದಳು.

ಅವಳು ಓಣಿ ದಾಟುವುದರೊಳಗೆ ಸ್ನೇಹಲ್ ಬಚ್ಚಲಿಗೆ ಓಡಿ ಕುಡಿದ ನೀರನ್ನೆಲ್ಲ ಕಾರಿಕೊಂಡಳು. ಶಿವಬಸವ್ವ ಬೆನ್ನು ತಿಕ್ಕುತ್ತ, “ಏನಾಗ್ಯದ ಹೇಳ, ಕೂಸ. ಹೇಳಿದ್ರ ಹಗುರಾಗ್ತದ” ಎಂದಳು. ಸ್ನೇಹಲ್ ಗೋಡೆಗೆ ಒರಗಿ ಕುಳಿತು ಎಲ್ಲ ಹೇಳಿದಳು. ಹೊರಗೆ ಈರಬಸಪ್ಪ ಯಾರಿಗೋ ಚಾಪೆ ಹಾಸುತ್ತಿದ್ದ. ಶಿವಬಸವ್ವ ಓದು ಬಾರದ ಹೆಂಗಸು, ಆದರೆ ತಡಮಾಡುವ ಪೈಕಿ ಅಲ್ಲ. “ಹೇಳೂದು ನನಗಲ್ಲ. ಮನಿ ಯಾರದ್ದು ಹೋಗ್ತದ, ಅಕಿಗೆ ಹೇಳು. ಈಗ ಹೋಗು” ಎಂದು ಚಪ್ಪಲಿ ತಂದು ಮುಂದಿಟ್ಟಳು.

ಹಡಪಸರಕ್ಕೆ ಎರಡು ಬಸ್ಸು ಬದಲಿಸಬೇಕು. ಎರಡರಲ್ಲೂ ಅವಳು ಮಾತು ಜೋಡಿಸಿದಳು. ‘ಒಂದು ಸಣ್ಣ ತಾಂತ್ರಿಕ ತೊಂದರೆ ಆಗಿದೆ’ ಎಂದು ಶುರುಮಾಡಬೇಕೆಂದುಕೊಂಡಿದ್ದಳು. ಚಾಳಿನ ಮುಂದೆ ಸಾಬವ್ವ ಕೊಡ ಹಿಡಿದು ನಿಂತದ್ದು ಕಂಡ ಕೂಡಲೇ ಆ ಮಾತೆಲ್ಲ ಗಾಳಿಗೆ ಹೋಯಿತು. “ಕಾಕೂ, ನಾ ಸುಳ್ಳ ಹೇಳ್ದೆ. ನಿಮ್ಮ ಕೇಸ ಹೋಗ್ಯದ. ನನ್ನ ಕೈಲೆ ಹೋಗ್ಯದ” ಎಂದುಬಿಟ್ಟಳು.

ಸಾಬವ್ವ ಪೂರಾ ಕೇಳಿದಳು. ಕೊಡ ಕೆಳಗಿಟ್ಟಳು. ಆಮೇಲೆ ಬಾಯಿ ತೆಗೆದಳು ನೋಡಿ, ಚಾಳಿನ ನಾಯಿ ಸಹ ಎದ್ದು ಆಚೆ ಹೋಯಿತು.

“ಮುಂದಿನ ತಾರೀಖ ಬಿದ್ದದ ಅಂತ ನನ್ನ ಮಾರಿ ನೋಡಿ ಹೇಳ್ದೆಲ್ಲ! ನಾಚಿಕಿ ಬರ್ಲಿಲ್ಲೇನ ನಿನಗ? ಹಾದಿ ತುಂಬ ನಿನಗ ಹರಸ್ಕೋತ ಬಂದೀನಲ್ಲ ನಾ! ಓದಿದಾಕಿ ಅಂತ ನಂಬಿದೆ, ನಮ್ಮ ಈರಬಸಪ್ಪಣ್ಣನ ಮಗಳ ಅಂತ ನಂಬಿದೆ. ನನ್ನ ತಲಿ ಮ್ಯಾಲಿನ ಸೂರ ಕಳದು ಬಂದೀ? ನನಗೇನ ಮಕ್ಕಳಿಲ್ಲ ಮರಿ ಇಲ್ಲ, ಈ ನಾಕು ಗ್ವಾಡಿ ಅದಾವ ಅಷ್ಟ. ಥೂ ನಿನ್ನ ಕೋಟಿನಾಗ ಮಣ್ಣ ಹಾಕ!”

ಸ್ನೇಹಲ್ ತಲೆ ತಗ್ಗಿಸಿ ನಿಂತು ಎಲ್ಲ ಹಾಕಿಸಿಕೊಂಡಳು. ವಿಚಿತ್ರ ಏನೆಂದರೆ, ಬೈಗುಳ ಬೀಳುತ್ತ ಬೀಳುತ್ತ ಅವಳ ಎದೆಯ ಬಿಗಿ ಸಡಿಲವಾಯಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ಅವಳ ತಪ್ಪನ್ನು ಅವಳ ಮುಖಕ್ಕೇ ಹೇಳಿದ್ದರು, ಅದಕ್ಕೊಂದು ಅಳತೆ ಸಿಕ್ಕಿತ್ತು. ಕೊನೆಗೆ ಸಾಬವ್ವ ದಣಿದು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

“ಆತು. ಈಗ ಏನ ಮಾಡೂದ ಹೇಳು.”

“ಮ್ಯಾಡಮ್ಮರಿಗೆ ಹೇಳಬೇಕ್ರಿ. ರಜಾ ಬೀಳೂದ್ರೊಳಗ ಅರ್ಜಿ ಹಾಕಬೇಕು. ನಿಮ್ಮ ಸಹಿ ಬೇಕು.”

“ಮತ್ತ ಅಳ್ಕೋತ ಯಾಕ ನಿಂತೀ? ನಾಳೆ ಬರ್ತೀನಿ ನಡಿ. ಹೋಗಿ ಬರೂ ತನಕ ಬಾಗಲದಾಗ ನನ್ನ ಜೋಡಿ ಯಾರ್ಡಿನಾಗ ದುಡಿಯೂ ತಿಪ್ಪವ್ವನ್ನ ಕುಂಡರಸ್ತೀನಿ. ಅಕಿ ಬಾಯಿ ನನಕಿಂತ ದೊಡ್ಡದು.”

ಸೋಮವಾರ ಬೆಳಿಗ್ಗೆ ನೀತಾ ಮ್ಯಾಡಮ್ ಎಲ್ಲ ಕೇಳಿ, ಎಂದಿನಂತೆ ಫೈಲು ಮುಚ್ಚಿ ಕಿಟಕಿಯ ಕಡೆ ತಿರುಗಿದರು. ಆಮೇಲೆ ಇತ್ತ ತಿರುಗಿ ಶಾಂತವಾಗಿ ಮರಾಠಿಯಲ್ಲಿ ಹೇಳಿದರು: “ಎಂದಿನ ಹಾಗೇ ಬರಿ. ಆ ದಿನ ಕಕ್ಷಿದಾರಳಿಗೆ ವಾಂತಿಭೇದಿ, ಹಾಸಿಗೆ ಹಿಡಿದಿದ್ದಳು, ವಕೀಲರಿಗೆ ತಿಳಿಸಲಾಗಲಿಲ್ಲ. ಡಾಕ್ಟರ ಸರ್ಟಿಫಿಕೇಟ್ ತರಿಸೋಣ.”

ಇದು ಆ ಕೋರ್ಟಿನ ಅಂಗಳದ ಪದ್ಧತಿ. ಕೇಸು ಕರೆದಾಗ ವಕೀಲ ಎಲ್ಲಿ ಹಾಳಾಗಿ ಹೋಗಿದ್ದರೂ ಕಾಗದದ ಮೇಲೆ ಕಾಯಿಲೆ ಬೀಳುವವರು ಕಕ್ಷಿದಾರರೇ. ಆ ಲೆಕ್ಕದಲ್ಲಿ ಪುಣೆಯ ಕಕ್ಷಿದಾರರಷ್ಟು ರೋಗಿಷ್ಠರು ಜಗತ್ತಿನಲ್ಲೇ ಇಲ್ಲ! ಸ್ನೇಹಲ್ ಅದನ್ನು ಪಕ್ಕದಲ್ಲೇ ಕುಳಿತಿದ್ದ ಸಾಬವ್ವನಿಗೆ ಕನ್ನಡದಲ್ಲಿ ಹೇಳಿದಳು. ಪ್ರಮಾಣ ಮಾಡಿ ಸಹಿ ಹಾಕಬೇಕು ಎಂದಳು.

“ಏನು? ನಾ ಜಡ್ಡಾಗಿದ್ದೆ?” ಸಾಬವ್ವ ಕುರ್ಚಿಯಿಂದ ಎದ್ದೇಬಿಟ್ಟಳು. “ಬಸವ ಜಯಂತಿ ದಿನ ನಾ ಯಾರ್ಡಿನಾಗ ಬಸವಣ್ಣನ ಮುಂದ ಆರತಿ ಹಿಡದ ನಿಂತಿದ್ದೆ. ನೂರು ಮಂದಿ ನೋಡ್ಯಾರ. ಆ ದೇವರ ಮುಂದ ನಿಂತಾಕಿ, ಹೇತ್ಕೋತ ಮಲಗಿದ್ದೆ ಅಂತ ಬರದು ಕೊಡ್ಲಾ? ಮನಿ ಹೋದ್ರೂ ಹೋಗ್ಲಿ, ನಾ ಒಲ್ಲೆ.” ಆಮೇಲೆ ಸ್ನೇಹಲ್‌ಳ ಗದ್ದ ಹಿಡಿದು ಮ್ಯಾಡಮ್ ಕಡೆ ತಿರುಗಿಸಿದಳು. “ಜಡ್ಡಾಗಿದ್ದು ಈ ಹುಡುಗಿ. ಈ ಮಾರಿ ನೋಡ್ರಿ ಬಾಯಾರ. ಕಣ್ಣು ನೋಡ್ರಿ, ಎಲ್ಲಿ ಇಳದಾವ. ಇದು ನಿಮ್ಮ ಕಣ್ಣಿಗೆ ಬೀಳೂದಿಲ್ಲೇನು? ಹೇಳ ಅಕಿಗೆ, ನಾ ಅಂದದ್ದು ಅಷ್ಟೂ ಹೇಳು.”

ಸ್ನೇಹಲ್‌ಗೆ ಧರ್ಮಸಂಕಟ. ಆದರೂ ದುಭಾಷಿಯ ಕೆಲಸ ಎಂದರೆ ಕೆಲಸ. ನೆಲ ನೋಡುತ್ತ ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದಳು, ತನ್ನ ಕಣ್ಣು ಇಳಿದದ್ದನ್ನೂ ಸೇರಿಸಿ. ಕೊನೆಗೆ ತನ್ನದೊಂದು ಮಾತು ಕೂಡಿಸಿದಳು: “ನಾನೇ ಪ್ರಮಾಣಪತ್ರ ಹಾಕುತ್ತೇನೆ ಮ್ಯಾಡಮ್. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಡೈರಿಯನ್ನೂ ಜೋಡಿಸುತ್ತೇನೆ.”

“ಇಡೀ ಕೋರ್ಟು ನಗುತ್ತದೆ ನಿನ್ನ ಮೇಲೆ.”

“ನಗಲಿ ಮ್ಯಾಡಮ್.”

ನೀತಾ ಮ್ಯಾಡಮ್ ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ಸ್ನೇಹಲ್‌ಳ ಮುಖವನ್ನೇ ನೋಡಿದರು, ಎರಡು ವರ್ಷದಲ್ಲಿ ನೋಡದಷ್ಟು ನೋಡಿದರು. “ನನಗೆ ಭಾನುವಾರ ಮಧ್ಯಾಹ್ನದಿಂದಲೇ ಹೊಟ್ಟೆ ಹಿಡಿದುಕೊಳ್ಳುತ್ತದೆ. ಇಪ್ಪತ್ತು ವರ್ಷ ಆಯಿತು. ಎಲ್ಲ ವಕೀಲರಿಗೂ ಹಾಗೇ ಇರುತ್ತದೆಂದುಕೊಂಡಿದ್ದೆ. ನಿನಗೂ ಹಾಗೇನಾ?”

“ಹೌದು ಮ್ಯಾಡಮ್. ಊಟ ಆದ ಕೂಡಲೇ.”

“ನನಗೆ ಹೇಳಲಿಲ್ಲ ಯಾಕೆ?”

“ನೀವೂ ಹೇಳಲಿಲ್ಲವಲ್ಲ.”

ಹೇಳಿದ ಮೇಲೆ ಸ್ನೇಹಲ್‌ಗೇ ಗಾಬರಿಯಾಯಿತು. ಮ್ಯಾಡಮ್ ಸಿಟ್ಟಾಗಲಿಲ್ಲ. ಬಿಳಿ ಹಾಳೆಗಳ ಕಟ್ಟನ್ನು ಅವಳ ಕಡೆ ತಳ್ಳಿ, “ಬರಿ” ಎಂದರು.

ಮಂಗಳವಾರ ಮೇ ಒಂದು, ಮಹಾರಾಷ್ಟ್ರ ದಿನ. ಈ ರಜೆ ಮಾತ್ರ ಖರೆ! ಆಫೀಸಿನಲ್ಲಿ ಇಬ್ಬರೇ ಕುಳಿತು ಅರ್ಜಿ ಟೈಪು ಮಾಡಿ ಮುಗಿಸಿದರು. ಬುಧವಾರ ದಾಖಲಿಸಿ, ಎದುರು ವಕೀಲರ ಕೈಗೆ ಪ್ರತಿ ಕೊಟ್ಟಾಯಿತು. ವಿಚಾರಣೆ ಶುಕ್ರವಾರಕ್ಕೆ, ರಜೆಯ ಮುಂಚಿನ ಕೊನೆಯ ದಿನಕ್ಕೆ ಬಿತ್ತು. ಅತ್ತ ಸಾಬವ್ವ ಕೆಲಸಕ್ಕೆ ಹೋಗದೆ ಹೊಸ್ತಿಲು ಕಾಯ್ದಳು. ಗುರುವಾರ ಮಾಲಕ ಇಬ್ಬರು ಆಳುಗಳ ಜೊತೆ ಹಾರೆ ಹಿಡಿಸಿಕೊಂಡು ಬಂದೇ ಬಂದ. ಸಾಬವ್ವನೂ ತಿಪ್ಪವ್ವನೂ ಕದಕ್ಕೆ ಬೆನ್ನು ಕೊಟ್ಟು ಕುಳಿತು, ಅವನ ಏಳು ತಲೆಮಾರನ್ನು ಹೆಸರು ಹಿಡಿದು ಕರೆದರು. ಆಳುಗಳಿಗೇ ನಾಚಿಕೆಯಾಗಿ ಹಾರೆ ಎತ್ತಲಿಲ್ಲ. “ನಾಳೆ ಸಂಜೀಕ ಬರ್ತೀನಿ. ಕೋರ್ಟೂ ಮುಚ್ಚಿರ್ತದ” ಎಂದು ಹೇಳಿ ಹೋದ.

ಶುಕ್ರವಾರ ಅವರ ಕೇಸು ಕೂಗಿದಾಗ ಮಧ್ಯಾಹ್ನ. ನ್ಯಾಯಾಧೀಶರು ಅರ್ಜಿ ಓದಿದರು, ಆಮೇಲೆ ಡೈರಿಯ ಪುಟಗಳನ್ನು ಮಗುಚಿದರು. ಕೆಂಪು ಪುಟವನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿ, “ಇದು ಯಾವ ಲಿಪಿ?” ಎಂದು ಕೇಳಿದರು.

“ಕನ್ನಡ, ಸಾಹೇಬರೇ.”

“ಕೋರ್ಟು ಮಹಾರಾಷ್ಟ್ರದ್ದ, ಕರ್ನಾಟಕದ್ದ?”

“ಮಹಾರಾಷ್ಟ್ರದ್ದು, ಸಾಹೇಬರೇ. ತಪ್ಪು ನನ್ನದು. ಕಕ್ಷಿದಾರರದ್ದು ಏನೂ ಇಲ್ಲ.”

ಎದುರು ವಕೀಲ ಸುಮ್ಮನಿರಲಾರದೆ ಎದ್ದ. “ಇಂದು ಕನ್ನಡದ ಡೈರಿ ಸಾಹೇಬರೇ, ನಾಳೆ ಚೀನಾದ ಡೈರಿ ತಂದು ಅಲ್ಲಿ ಹೊಸವರ್ಷ ಇತ್ತು ಎನ್ನುತ್ತಾರೆ!” ಕೋರ್ಟಿನ ತುಂಬ ನಗು. ಮ್ಯಾಡಮ್ ಹೇಳಿದಂತೆಯೇ ಆಯಿತು. ಆದರೆ ಮ್ಯಾಡಮ್ ಹೇಳದ್ದೂ ಒಂದು ಆಯಿತು: ಸ್ನೇಹಲ್‌ಗೂ ನಗು ಬಂತು. ಅದೆಷ್ಟು ತಿಂಗಳಿಗೋ ಏನೋ, ತಡೆಯಲಾಗದೆ ನಕ್ಕುಬಿಟ್ಟಳು. ನಾಚಿಕೆಯಿಂದ ಸಾಯುತ್ತೇನೆಂದು ಹೆದರಿಕೊಂಡಿದ್ದ ಗಳಿಗೆ ಬಂದು, ನಗಿಸಿ, ಹೋಗಿಯೇ ಬಿಟ್ಟಿತು.

ನ್ಯಾಯಾಧೀಶರೂ ಮೀಸೆಯಲ್ಲಿ ನಗುತ್ತಿದ್ದರು. “ಹದಿನಾಲ್ಕು ವರ್ಷದಿಂದ ಇಂಥ ಅರ್ಜಿ ನೋಡುತ್ತಿದ್ದೇನೆ. ಎಲ್ಲರಿಗೂ ವಾಂತಿಭೇದಿ. ನಿಜ ಬರೆದ ಅರ್ಜಿ ನನಗೆ ನೆನಪಿಲ್ಲ” ಎಂದರು. ವಕೀಲರ ತಪ್ಪಿಗೆ ಆ ಹೆಂಗಸು ಮನೆ ಕಳೆದುಕೊಳ್ಳಬಾರದು ಎಂದರು. ದಾವೆ ಮರಳಿ ದಾಖಲಾಗಲಿ, ತಡೆಯಾಜ್ಞೆ ಮುಂದುವರಿಯಲಿ ಎಂದು ಬರೆಸಿದರು. “ಮತ್ತೆ ಈಗ ಕೊಡುವ ತಾರೀಖನ್ನು ಯಾವುದಾದರೂ ಮರಾಠಿ ಡೈರಿಯಲ್ಲಿ ಬರೆದುಕೋ, ಮಗಳೇ.”

ಹೊರಗೆ ಬಂದು “ಮನಿ ಉಳೀತ್ರಿ ಕಾಕೂ” ಎಂದಾಗ ಸಾಬವ್ವ ಕಂಬ ಹಿಡಿದು ಮೆಲ್ಲಗೆ ಕೆಳಗೆ ಕುಳಿತಳು. ಅಷ್ಟು ದಿನ ಮಾಲಕನ ಮುಂದೆ ಸಿಂಹದಂತಿದ್ದವಳು ಈಗ ಸೆರಗು ಬಾಯಿಗಿಟ್ಟು ಗಳಗಳ ಅತ್ತಳು. ಸ್ನೇಹಲ್ ಪಕ್ಕದಲ್ಲಿ ಕುಕ್ಕರಿಸಿ ಅವಳ ಕೈ ಹಿಡಿದುಕೊಂಡಳು.

ನೀತಾ ಮ್ಯಾಡಮ್ ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಬಂದರು. “ಇನ್ನು ಮುಂದೆ ಈ ಕೇಸಿಗೆ ನಾನೇ ನಿಲ್ಲುತ್ತೇನೆಂದು ಅವರಿಗೆ ಹೇಳು. ಅವರಿಗೂ ಧೈರ್ಯ, ನಿನಗೂ ಭಾರ ಇಳಿದ ಹಾಗೆ.” ನ್ಯಾಯದ ಮಾತೇ. ಸ್ನೇಹಲ್‌ಗೆ ಕೇಸು ಬಿಡಲು ಮನಸ್ಸಿರಲಿಲ್ಲ, ಆದರೂ ಹೇಳಿದಳು.

ಸಾಬವ್ವ ಮೂಗು ಒರೆಸಿಕೊಂಡು ತಲೆಯಲ್ಲಾಡಿಸಿದಳು. “ಬ್ಯಾಡ್ರಿ. ನನಗ ಇಕೀನ ಇರ್ಲಿ. ಗಂಡ ಸುಳ್ಳ ಹೇಳಿದ, ಮಾಲಕ ಹೇಳಿದ, ಕೆಲಸ ಮಾಡಸೂ ಮುಕಾದಮ ದಿನಾ ಹೇಳ್ತಾನ. ಹೇಳಿ ಎಲ್ಲಾರೂ ಹಾಯಾಗಿ ಉಂಡು ಮಲಗ್ಯಾರ. ನನಗೊಂದು ಸುಳ್ಳ ಹೇಳಿ ಒಂದು ಹೊತ್ತು ತಡ್ಕೊಳ್ಳಿಕ್ಕಾಗದ ಬಸ್ಸ ಹಿಡದು ಓಡಿ ಬಂದಾಕಿ ಇಕಿ ಒಬ್ಬಾಕಿನ. ಇಕಿ ನನ್ನ ಕೇಸ ಇನ್ನೊಮ್ಮೆ ಬಿಡೂದಿಲ್ಲ. ಹೇಳು, ಅಷ್ಟೂ ಹೇಳು.”

ಸ್ನೇಹಲ್ ಅಷ್ಟನ್ನೂ ಹೇಳಿದಳು, ನಡುನಡುವೆ ನಿಲ್ಲಿಸಿ ನಿಲ್ಲಿಸಿ. ಮ್ಯಾಡಮ್ ಹುಬ್ಬೇರಿಸಿದರು. “ಇದನ್ನೆಲ್ಲ ಅವರೇ ಹೇಳಿದರೋ, ನೀನು ಸೇರಿಸಿದೆಯೋ?”

“ದೇವರಾಣೆ ಮ್ಯಾಡಮ್, ಕಡಿಮೆ ಮಾಡಿ ಹೇಳಿದ್ದೇನೆ!”

ಆಗ ನಕ್ಕರು ನೋಡಿ ನೀತಾ ಮ್ಯಾಡಮ್. ಅಲ್ಲಿಯವರೆಗೆ ಆ ಕಾರಿಡಾರಿನಲ್ಲಿ ಅವರ ನಗು ಕೇಳಿದವರು ಯಾರೂ ಇರಲಿಲ್ಲ. ಆಚೀಚೆಯ ಗುಮಾಸ್ತರು ತಿರುಗಿ ನೋಡಿದರು. “ಸರಿ, ಕೇಸು ನಿನ್ನದೇ. ಆದರೆ ಕೋರ್ಟು ತೆರೆಯುವವರೆಗೆ ಆಫೀಸಿನ ಕಡೆ ತಲೆ ಹಾಕಬೇಡ. ಜೂನ್‌ನಿಂದ ಇನ್ನಿಬ್ಬರು ಹುಡುಗರನ್ನು ತೆಗೆದುಕೊಳ್ಳುತ್ತೇನೆ. ನಾನೂ ಡಾಕ್ಟರರ ಹತ್ತಿರ ಹೋಗುತ್ತೇನೆ, ಈ ಭಾನುವಾರದ ಹೊಟ್ಟೆಗೆ” ಎಂದು ಹೊರಟರು.

ಆ ದಾವೆ ಮುಂದೆ ನಾಲ್ಕು ವರ್ಷ ನಡೆಯಿತು. ಕಡೆಗೆ ಮಾಲಕ ಸೋತು, ಹೊಸ ಕಟ್ಟಡದಲ್ಲಿ ಸಾಬವ್ವನಿಗೊಂದು ಖೋಲಿ ಬರೆದುಕೊಟ್ಟ. ಕೊನೆಯ ತಾರೀಖಿನವರೆಗೂ ನಿಂತವಳು ಸ್ನೇಹಲ್ಲೇ. ಆದರೆ ನನಗೆ ಹೇಳಬೇಕಾದದ್ದು ಆ ಶುಕ್ರವಾರದ ಸಂಗತಿ.

ಅವಳನ್ನು ಒಬ್ಬಳೇ ಕಳಿಸಲು ಸಾಬವ್ವ ಒಪ್ಪಲಿಲ್ಲ. “ನನ್ನ ಬಾಗಲದಾಗ ತಿಪ್ಪವ್ವ ಅದಾಳ. ನಿನ್ನ ಮನೀಗೆ ಮುಟ್ಟಿಸಿ ಆಮ್ಯಾಲ ನನ್ನ ಹಾದಿ ಹಿಡೀತೀನಿ” ಎಂದು ಬಿಬವೇವಾಡಿಯ ಬಸ್ಸಿಗೆ ಜೊತೆಗೇ ಹತ್ತಿದಳು. ಕಿಟಕಿಯ ಹತ್ತಿರ ಕುಳಿತ ಸ್ನೇಹಲ್ ಡೆಕ್ಕನ್ ಬರುವುದರೊಳಗೆ ಸಾಬವ್ವನ ಹೆಗಲಿಗೆ ಒರಗಿ ನಿದ್ದೆ ಹೋದಳು. ಎಂಥ ನಿದ್ದೆ! ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆದು. ಅದರಲ್ಲಿ ಯಾವ ಜವಾನನೂ ಯಾರ ಹೆಸರನ್ನೂ ಕೂಗಲಿಲ್ಲ. ಸ್ವಾರಗೇಟು ಹೋಯಿತು, ಮಾರ್ಕೆಟ್ ಯಾರ್ಡು ಹೋಯಿತು, ಬಿಬವೇವಾಡಿಯೂ ಬಂತು. ಕಂಡಕ್ಟರ್ ಹತ್ತಿರ ಬಂದು, ನಿಮ್ಮ ಸ್ಟಾಪು, ಎಬ್ಬಿಸಿ ಅವರನ್ನು ಎಂದ.

ಸಾಬವ್ವ ಅವನ ಕಡೆ ಕಣ್ಣು ಬಿಟ್ಟಳು. ಮಡಿಲಿನಿಂದ ಚಿಲ್ಲರೆ ತೆಗೆದು ತನ್ನ ಹರಕು ಮರಾಠಿಯಲ್ಲಿ, ಕೊನೆಯ ಸ್ಟಾಪಿಗೆ ಎರಡು ಟಿಕೇಟು, ಅಲ್ಲಿಂದ ತಿರುಗಿ ಬರಲು ಇನ್ನೆರಡು ಕೊಡು ಎಂದಳು. ಕಂಡಕ್ಟರ್ ಏನೋ ಹೇಳಹೋದ. “ಸಾವಕಾಶ ಮಾತಾಡೋ ಅಣ್ಣಾ” ಎಂದು ಅವಳು ಕನ್ನಡದಲ್ಲೇ ಗದರಿದಳು. “ನಮ್ಮ ವಕೀಲರು ಮಲಗ್ಯಾರ.”